ಹಳದಿ ಕಲ್ಲಿನ ವಿಷಯ ರತ್ನ ಪರೀಕ್ಷಕರ ಹತ್ರ ಕೇಳಿ – ಉಡುಪಿ ಮಂಗಳೂರು ಗ್ರೂಪ್

ಕಾಪು: ಸರ್, ಮಗನಿಗೆ ಗುರುಬಲಕ್ಕೆ ಅಂತ ಪುಷ್ಯರಾಗದ ಉಂಗುರ ಮಾಡಿಸಿದ್ದೆವು. ತೆಗೊಳ್ಳುವಾಗ ಗಾಢ ಹಳದಿ, ಅವ ಬೋಟಿಗೆ ಹೋಗುದು, ಈಗ ನೋಡಿದ್ರೆ ನೀರಿನ ಬಣ್ಣ ಆಗಿದೆ. ದೋಷ ಎಳ್ಕೊಂಡು ಬಿಳಿಚಿದ್ದು ಅಂತ ಮನೆಯಲ್ಲಿ ಎಲ್ರಿಗೂ ಹೆದರಿಕೆ.

ಪರೀಕ್ಷಕರು: ಅಕ್ಕ, ಹೆದರ್ಬೇಡಿ, ಮಗನಿಗೆ ಎಂತದ್ದೂ ಆಗುದಿಲ್ಲ, ನನಗೆ ತಲೆಬಿಸಿ ಇರುದು ಕಲ್ಲಿನದ್ದು. ಪುಷ್ಯರಾಗ, ನೀಲ, ಮಾಣಿಕ್ಯ ಮೂರೂ ಕೊರಂಡಮ್ ಅನ್ನುವ ಒಂದೇ ಖನಿಜದ ಜಾತಿ. ಕಬ್ಬಿಣದ ಅಂಶದಿಂದ ಬಂದ ಹಳದಿ ಬಿಸಿಲಿಗೆ ಹೋಗುದಿಲ್ಲ. ಆದ್ರೆ ಶ್ರೀಲಂಕಾದಿಂದ ಬರುವ ತೆಳು ಬಣ್ಣದ ಕಲ್ಲಿಗೆ ವಿಕಿರಣ ಹೊಡೆಸಿದ್ರೆ ಚೆಂದ ಹಳದಿ ಬರ್ತದೆ, ಬಿಸಿಲಿಗೆ ಬಿದ್ರೆ ಅದೇ ಬಣ್ಣ ಇಳಿದು ಹೋಗ್ತದೆ. ನಿಮ್ಮದು ಅದೇ ಅಂತ ನನ್ನ ಸಂಶಯ, ಸಮುದ್ರದ ಬಿಸಿಲು ಸಾಧಾರಣದ್ದಲ್ಲ. ಕಾಯಿಸಿದ ಕಲ್ಲಾದ್ರೆ ಬಣ್ಣ ನಿಲ್ತದೆ, ಬೆರಿಲಿಯಂ ಅನ್ನುವ ಲೋಹದ ಅಂಶ ಹಾಕಿ ಕಾಯಿಸಿದ್ದೂ ನಿಲ್ತದೆ, ಆದ್ರೆ ಅದಕ್ಕೆ ರೇಟು ತುಂಬಾ ಕಡಿಮೆ. ಅಂಗಡಿಯವರು ಪುನಃ ಬಣ್ಣ ಬರಿಸಿ ಕೊಡ್ತೇವೆ ಅಂದ್ರೆ ಒಪ್ಬೇಡಿ, ಪುನಃ ಹೋಗ್ತದೆ. ಬಿಲ್ ಹಿಡ್ಕೊಂಡು ಬನ್ನಿ.

ಸುರತ್ಕಲ್: ರಾತ್ರಿ ಹಾಲಲ್ಲಿ ಇಟ್ಟು ಬೆಳಿಗ್ಗೆ ಹಾಲು ಹಳದಿ ಆದ್ರೆ ಒರಿಜಿನಲ್ ಅಂತ ಫಾರ್ವರ್ಡ್ ಬಂದಿದೆ, ಹೌದಾ?

ಪರೀಕ್ಷಕರು: ಸುಳ್ಳು.

ಮಣಿಪಾಲ: ನವೆಂಬರಲ್ಲಿ ಹುಟ್ಟಿದವರಿಗೆ ಟೋಪಾಜ್ ಕಲ್ಲು ಅಲ್ವಾ ಶಾಸ್ತ್ರ?

ಕಟಪಾಡಿ: ಅದೆಂಥ ಶಾಸ್ತ್ರ ಮಾರಾಯ್ರೆ, ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ 1912ರಲ್ಲಿ ಮಾಡಿದ ಪಟ್ಟಿ ಅದು, ಅದಕ್ಕೆ ಸಿಟ್ರಿನ್ ಅನ್ನುವ ಇನ್ನೊಂದು ಹಳದಿ ಕಲ್ಲು ಸೇರಿಸಿದ್ದು 1952ರಲ್ಲಿ. ನಮ್ಮ ನವರತ್ನದಲ್ಲಿ ಗುರುವಿಗೆ ಪುಷ್ಯರಾಗ, ತೋರುಬೆರಳು, ಗುರುವಾರ, ಹಳದಿ ಬಟ್ಟೆ, ಕಡಲೆ ದಾನ. ಗರುಡಪುರಾಣದಲ್ಲಿ ಬಲಾಸುರನ ಚರ್ಮದಿಂದ ಹುಟ್ಟಿದ್ದು ಅಂತ ಉಂಟು.

ಮಣಿಪಾಲ: ಅಸುರನ ಚರ್ಮ ನಂಬ್ತೀರಿ, ಪಟ್ಟಿ ನಂಬುದಿಲ್ಲ?

ಕಟಪಾಡಿ: ಪುರಾಣದ ವಿಷಯಕ್ಕೆ ಬರುವಾಗ ಸ್ವಲ್ಪ ಮರ್ಯಾದೆ ಇರ್ಲಿ.

ಬ್ರಹ್ಮಾವರ: ಪುಷ್ಯರಾಗ ಅದ್ದಿದ ನೀರು ಕುಡಿದ್ರೆ ಕಾಮಾಲೆ ಇಳೀತದೆ ಅಂತ ಬಂದಿದೆ, ಎಲ್ರಿಗೂ ಕಳ್ಸಿ.

ಪರೀಕ್ಷಕರು: ಕೂಡ್ಲೇ ಡಿಲೀಟ್ ಮಾಡಿ. ಕಲ್ಲು ನೀರಲ್ಲಿ ಕರಗುದಿಲ್ಲ, ನೀರಿಗೆ ಎಂತ ಬರ್ಬೇಕು? ಕಣ್ಣು ಹಳದಿ ಆದ್ರೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟ್ರ ಹತ್ರ ಹೋಗಿ. ಇಂಥದ್ದು ನಂಬಿ ದಿನ ಕಳೆದ್ರೆ ಜೀವಕ್ಕೇ ಅಪಾಯ, ಕಳಿಸುವ ಮೊದ್ಲು ಒಂದು ಸಲ ಯೋಚನೆ ಮಾಡ್ಲಿಕ್ಕಾಗುದಿಲ್ವಾ?

ಪಡುಬಿದ್ರಿ: ಪುಷ್ಯರಾಗಕ್ಕೆ ದುಡ್ಡಿಲ್ಲ ಸರ್, ಸುನೇಲಾ ಸಾಕಾ?

ಪರೀಕ್ಷಕರು: ಜಾತಕ ಜೋಯಿಸರ ಹತ್ರ ಕೇಳಿ. ಸುನೇಲಾ ಅಂದ್ರೆ ಸಿಟ್ರಿನ್, ಸ್ಫಟಿಕದ ಜಾತಿ, ಗಡಸುತನ ಹತ್ತರ ಅಳತೆಯಲ್ಲಿ 7, ಪುಷ್ಯರಾಗದ್ದು 9. ಪೇಟೆಯಲ್ಲಿ ಸಿಗುದು ಹೆಚ್ಚಿನದ್ದು ನೇರಳೆ ಅಮೆಥಿಸ್ಟ್ ಕಾಯಿಸಿ ಹಳದಿ ಮಾಡಿದ್ದು. ಸಿಟ್ರಿನ್ ರೇಟಿಗೇ ಕೊಟ್ರೆ ತೆಗೊಳ್ಳಿ.

ಕಾರ್ಕಳ: ಅಣ್ಣ ಗಲ್ಫಿಂದ ಅಂಬರ್ (ಗಟ್ಟಿಯಾದ ಹಳೇ ಮರದ ಅಂಟು) ಮಾಲೆ ತಂದಿದ್ದಾನೆ, ಪ್ಲಾಸ್ಟಿಕ್ಕಾ ಹೇಗೆ ಗೊತ್ತಾಗುದು?

ಮೂಲ್ಕಿ: ಹಾಲಿನ ಟೆಸ್ಟ್ ಸರಿಯಾ ಸರ್?

ಪರೀಕ್ಷಕರು: ಮೇಲೆ ಓದಿ.

ಮಣಿಪಾಲ: ಕಟಪಾಡಿಯವ್ರೆ, ಉತ್ತರ ಇಲ್ವಾ?

ಕಟಪಾಡಿ: ನಿಮ್ಮ ಹತ್ರ ಮಾತಿಲ್ಲ.

ಕಾಪು: ಸರ್, ಬಿಲ್ ಕೊಡ್ಲಿಲ್ಲ, ಒಂದು ಚೀಟಿ ಮಾತ್ರ ಉಂಟು.

ಪರೀಕ್ಷಕರು: ಚೀಟಿಯೇ ತನ್ನಿ ಅಕ್ಕ. ಇವರ ಜಗಳದಲ್ಲಿ ನಿಮ್ಮ ಪ್ರಶ್ನೆ ಮುಳುಗ್ತಾ ಉಂಟು, ನನಗೆ ನೇರ ಮೆಸೇಜ್ ಮಾಡಿ. ಕಲ್ಲು ಬಿಚ್ಚಿಸುವಾಗ ಬೆಂಕಿ ತಾಗಿಸ್ಬೇಡಿ ಅಂತ ಅಕ್ಕಸಾಲಿಗೆ ಹೇಳಿ, ಇದ್ದ ಚೂರು ಬಣ್ಣವೂ ಬಿಸಿಗೆ ಹೋದ್ರೆ ನನಗೆ ಪರೀಕ್ಷೆ ಮಾಡ್ಲಿಕ್ಕೆ ಕಷ್ಟ.