ಓದುಗರ ಆರೋಗ್ಯದ ಪತ್ರಗಳಿಗೆ ನೀವು ಹೇಗೆ ಉತ್ತರ ಬರೀತೀರಿ?

ಚುರುಕುನಡಿಗೆ (ಪ್ರಶ್ನೆ)

ನಾನು ಎರಡು ವರ್ಷದಿಂದ ವಾರಕ್ಕೊಂದು ಫಿಟ್‌ನೆಸ್ ಪತ್ರಿಕೆ ಬರೆದು ಇಮೇಲ್‌ನಲ್ಲಿ ಕಳಿಸ್ತಿದ್ದೀನಿ. ವ್ಯಾಯಾಮ ತರಬೇತಿಯ ಸರ್ಟಿಫಿಕೇಟ್ ಇದೆ, ವೈದ್ಯೆ ಅಲ್ಲ. ಮೊದಮೊದಲು ತಿಂಗಳಿಗೆ ನಾಲ್ಕೈದು ಪತ್ರ ಬರ್ತಿದ್ದವು, ಖುಷಿಯಿಂದ ಉದ್ದುದ್ದ ಉತ್ತರ ಬರೀತಿದ್ದೆ. ಈಗ ವಾರಕ್ಕೆ ಮೂವತ್ತು ದಾಟುತ್ತೆ. ಈ ವಾರದ್ದರಲ್ಲಿ ನಾಲ್ಕು ಕೇಳಿ:

ಒಬ್ಬರು, "ಹತ್ತು ಸಾವಿರ ಹೆಜ್ಜೆ ಆಗ್ತಾನೇ ಇಲ್ಲ, ಆರು ಸಾವಿರಕ್ಕೆ ನಿಲ್ತಿದೆ. ನಡೆದಿದ್ದೆಲ್ಲ ವ್ಯರ್ಥವಾ?"

ಇನ್ನೊಬ್ಬರು, "ಸ್ಕ್ವಾಟ್ (ಮಂಡಿ ಮಡಿಸಿ ಕೂತು ಏಳೋ ವ್ಯಾಯಾಮ) ಮಾಡುವಾಗ ಮಂಡಿ ಕಟಕಟ ಅನ್ನುತ್ತೆ, ನಿಲ್ಲಿಸಿಬಿಡಲಾ?"

ಮೂರನೆಯವರು, "ಅಮ್ಮನಿಗೆ 76. ನೀವು ಭಾರ ಎತ್ತಿ ಅಂತ ಬರೆದಿದ್ರಿ. ಅಮ್ಮನ ಕೈಲಿ ಎತ್ತಿಸಬಹುದಾ?"

ನಾಲ್ಕನೆಯವರಿಗೆ ಸಿಟ್ಟು. "ನಿಮ್ಮ ಮಾತು ನಂಬಿ ಮೂರು ವಾರ ಬೆವರು ಸುರಿಸಿದೆ. ಒಂದೂವರೆ ಕಿಲೋ ಜಾಸ್ತಿಯಾಗಿದ್ದೀನಿ. ಜನರನ್ನ ಯಾಕೆ ದಾರಿ ತಪ್ಪಿಸ್ತೀರಿ?"

ತಪ್ಪು ಹೇಳಿಬಿಟ್ಟರೆ ಅನ್ನೋ ಭಯಕ್ಕೆ ಇತ್ತೀಚೆಗೆ ಎಲ್ಲರಿಗೂ "ವೈದ್ಯರನ್ನು ಸಂಪರ್ಕಿಸಿ" ಅಂತ ಬರೆದು ಮುಗಿಸ್ತಿದ್ದೀನಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಬರೆದವರಿಗೆ ಅನ್ಯಾಯ ಮಾಡ್ತಿದ್ದೀನಿ ಅಂತ ರಾತ್ರಿ ಮಲಗುವಾಗ ಅನ್ನಿಸುತ್ತೆ. ಬಹಳ ವರ್ಷದಿಂದ ಈ ಕೆಲಸ ಮಾಡ್ತಿರೋರು ಹೇಗೆ ನಿಭಾಯಿಸ್ತೀರಿ?

ನಿಧಾನಓಟ

ಹನ್ನೊಂದು ವರ್ಷದಿಂದ ಬರೀತಿದ್ದೀನಿ. ನಾನೂ ವೈದ್ಯನಲ್ಲ. ನಿಮ್ಮ ಭಯ ಒಳ್ಳೆಯದೇ, ಆದರೆ ಅದನ್ನ ಉತ್ತರದಲ್ಲಿ ಹಾಕಬೇಡಿ, ಪ್ರಶ್ನೆಯಲ್ಲಿ ಹಾಕಿ. ಅಂದ್ರೆ, ಉತ್ತರ ಕೊಡೋ ಮುಂಚೆ ತಿರುಗಿ ಕೇಳಿ. ನಾನು ಇದನ್ನ ಕಲಿತ ಬಗೆ ಹೇಳ್ತೀನಿ.

ಆರನೇ ವರ್ಷ ಇರಬೇಕು. ಎದೆಬಡಿತ ನೋಡಿಕೊಂಡು ನಡಿಗೆಯ ವೇಗ ಹೊಂದಿಸೋದು ಹೇಗೆ ಅಂತ ಒಂದು ಸಂಚಿಕೆ ಬರೆದಿದ್ದೆ. 220ರಲ್ಲಿ ವಯಸ್ಸು ಕಳೆಯಿರಿ, ಎದೆ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸಲ ಬಡಿಯಬಹುದು ಅನ್ನೋ ಅಂದಾಜು ಸಿಗುತ್ತೆ, ಅದರ 70 ಪ್ರತಿಶತ ಗುರಿ ಇಟ್ಟುಕೊಳ್ಳಿ, ಅಷ್ಟೇ. 58 ವಯಸ್ಸಿನ ಒಬ್ಬರು ಬರೆದರು: "ನನ್ನ ಲೆಕ್ಕಕ್ಕೆ 113 ಬರಬೇಕು. ಎಷ್ಟು ಬಿರುಸಾಗಿ ನಡೆದರೂ 98 ದಾಟ್ತಿಲ್ಲ. ಏನು ಮಾಡಲಿ?" ಶುಕ್ರವಾರ ರಾತ್ರಿ, ಇನ್ನೂ ಹನ್ನೊಂದು ಪತ್ರ ಬಾಕಿ. ಎರಡೇ ಸಾಲು ಬರೆದೆ: "ವೇಗ ಇನ್ನೂ ಸ್ವಲ್ಪ ಹೆಚ್ಚಿಸಿ. ಏರುದಾರಿ ಇದ್ದರೆ ಇನ್ನೂ ಒಳ್ಳೆಯದು."

ಒಂಬತ್ತು ದಿನ ಬಿಟ್ಟು ಮತ್ತೆ ಪತ್ರ. ಉತ್ಸಾಹ ತುಂಬಿತ್ತು. "ಏರು ಹತ್ತುತ್ತಿದ್ದೀನಿ, 103 ಮುಟ್ಟಿದೆ. ನಡುವೆ ಎರಡು ಸಲ ಕಣ್ಣು ಕತ್ತಲೆ ಬಂದು ಕೂತೆ, ಅದಿರಲಿ. 113 ಆದ ದಿನ ಬರೀತೀನಿ."

ಎದೆ ಧಸಕ್ಕೆಂದಿತು. ಆಗಲೇ ತಿರುಗಿ ಬರೆದೆ, ಯಾವುದಾದರೂ ಮಾತ್ರೆ ತಗೋತೀರಾ ಅಂತ. ಬಿಪಿಗೆ ಎರಡು ವರ್ಷದಿಂದ ಮೆಟೊಪ್ರೊಲಾಲ್ ಅಂದರು. ಅದು ಬೀಟಾ ಬ್ಲಾಕರ್. ಎದೆಬಡಿತ ಏರದ ಹಾಗೆ ಹಿಡಿದಿಡೋದೇ ಅದರ ಕೆಲಸ. ನನ್ನ ಲೆಕ್ಕದ ಸಂಖ್ಯೆ ಅವರಿಗೆ ಅನ್ವಯಿಸೋದೇ ಇಲ್ಲ, ಆ ಸಂಖ್ಯೆಯ ಬೆನ್ನು ಹತ್ತಿ ಅವರು ಮೈಮೀರಿ ಏರು ಹತ್ತುತ್ತಿದ್ದರು. ಏರು ಹತ್ತೋದು ಇವತ್ತೇ ನಿಲ್ಲಿಸಿ, ಕಣ್ಣು ಕತ್ತಲೆ ಬಂದದ್ದನ್ನ ನಾಳೆಯೇ ನಿಮ್ಮ ವೈದ್ಯರಿಗೆ ಹೇಳಿ, ಮಾತ್ರೆಯನ್ನ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ ಅಂತ ಬರೆದೆ. ಆ ಕೊನೆಯ ಮಾತು ಮುಖ್ಯ, ಬೀಟಾ ಬ್ಲಾಕರ್ ಏಕಾಏಕಿ ಬಿಟ್ಟರೆ ಹೃದಯಕ್ಕೆ ಅಪಾಯ. ಅವರ ಉತ್ತರ ಬರೋವರೆಗೆ ನನಗೆ ಬೇರೆ ಏನೂ ಬರೆಯೋಕ್ಕಾಗಲಿಲ್ಲ. ವೈದ್ಯರು ನೋಡಿದರು, ಔಷಧದ ಪ್ರಮಾಣ ಬದಲಿಸಿದರು. ಈಗಲೂ ನಡೀತಾರೆ. ಗಡಿಯಾರದ ಸಂಖ್ಯೆ ನೋಡಲ್ಲ. ನಡೆಯುವಾಗ ಮಾತಾಡೋಕ್ಕಾಗಬೇಕು, ಹಾಡೋಕ್ಕಾಗಬಾರದು, ಅದೇ ಅವರ ಅಳತೆ.

ಮುಂದಿನ ಸಂಚಿಕೆಯ ತಲೆಬರಹವೇ "ನಾನು ತಪ್ಪು ಬರೆದಿದ್ದೆ" ಅಂತ. ಹಳೇ ವಾಕ್ಯ ಹಾಗೇ ಹಾಕಿ, ಸರಿಯಾದ್ದನ್ನ ಕೆಳಗೆ ಹಾಕಿದೆ. ಮಾತ್ರೆ ಇಲ್ಲದವರಿಗೂ ಆ 220ರ ಲೆಕ್ಕ ಬರೀ ಸರಾಸರಿ, ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗೋದು ತೀರಾ ಸಾಮಾನ್ಯ ಅಂತಲೂ ಸೇರಿಸಿದೆ. ಅದನ್ನ ಓದಿ ಇನ್ನೂ ನಾಲ್ಕು ಜನ ಬರೆದರು, ತಾವೂ ಅದೇ ಬಗೆಯ ಮಾತ್ರೆ ತಗೋತಿದ್ದೀವಿ ಅಂತ. ತಿದ್ದುಪಡಿಯನ್ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದರೆ ಆ ನಾಲ್ವರು ಓದ್ತಿರಲಿಲ್ಲ.

ಏರು ಹತ್ತಿದವರ ಪತ್ರದಲ್ಲಿದ್ದ ಆ "ಅದಿರಲಿ" ಅನ್ನೋ ಪದ ನೋಡಿ. ಅವತ್ತಿನಿಂದ ನಾನು ಪ್ರತಿ ಪತ್ರದಲ್ಲೂ ಅದನ್ನೇ ಹುಡುಕ್ತೀನಿ. ಓಟಕ್ಕೆ ಯಾವ ಶೂ ಒಳ್ಳೆಯದು ಅಂತ ಎರಡು ಪುಟ ಬರೀತಾರೆ, ಕೊನೆಯಲ್ಲಿ "ಮೊನ್ನೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಯ್ತು, ಅದಿರಲಿ ಬಿಡಿ" ಅಂತಾರೆ. ಆ ಪತ್ರ ಶೂಗಾಗಿ ಬಂದದ್ದಲ್ಲ. ಅಂಥ ಸಾಲು ಕಂಡರೆ ಶೂ ಬಗ್ಗೆ ಒಂದಕ್ಷರವನ್ನೂ ಬರೆಯಲ್ಲ, "ಇದನ್ನ ಇವತ್ತೇ ವೈದ್ಯರಿಗೆ ತೋರಿಸಿ, ತೋರಿಸಿದ ಮೇಲೆ ಬರೀರಿ, ಶೂ ಆಮೇಲೆ" ಅಂತೀನಿ. ವೈದ್ಯರ ಹತ್ತಿರ ಕಳಿಸೋದು ತಪ್ಪಲ್ಲ. ಯಾಕೆ ಹೋಗಬೇಕು, ಎಷ್ಟು ಬೇಗ ಹೋಗಬೇಕು, ಹೋಗಿ ಏನು ಹೇಳಬೇಕು, ಇಷ್ಟನ್ನೂ ಸೇರಿಸಿ ಬರೆದರೆ ಅದೇ ನಿಜವಾದ ಉತ್ತರ.

ಈಗ ನಿಮ್ಮ ಪತ್ರಗಳು. ಹೆಜ್ಜೆಯವರಿಗೆ ಧೈರ್ಯವಾಗಿ ಬರೀರಿ. ಹತ್ತು ಸಾವಿರ ಅನ್ನೋದು ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರು ಅದು, ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. 2019ರಲ್ಲಿ ಸಂಶೋಧಕಿ ಐ-ಮಿನ್ ಲೀ ಅವರ ತಂಡ 16,741 ಮಹಿಳೆಯರ ಹೆಜ್ಜೆ ಅಳೆದು ಪ್ರಕಟಿಸಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ 41 ಪ್ರತಿಶತ ಕಡಿಮೆ ಕಂಡಿತು. 7,500ರ ಸುಮಾರಿಗೆ ಆ ಲಾಭದ ಗೆರೆ ಸಮತಟ್ಟಾಯಿತು. ಹೆಚ್ಚು ನಡೆದದ್ದರಿಂದಲೇ ಆಯುಷ್ಯ ಹೆಚ್ಚಿತು ಅಂತ ಆ ಅಧ್ಯಯನವೊಂದೇ ಸಾಬೀತು ಮಾಡಲ್ಲ, ಅದನ್ನೂ ಹೇಳಿ. ಆದರೆ ಆರು ಸಾವಿರ ಹೆಜ್ಜೆ ನಡೆಯೋರು ವ್ಯರ್ಥ ಅಂತ ಕೊರಗೋದು ಬೇಡ ಅಂತ ಖಂಡಿತ ಬರೀಬಹುದು.

ಸಿಟ್ಟಿನ ಪತ್ರಕ್ಕೆ ಮೊದಲು ಉತ್ತರಿಸಿ. ಸಿಟ್ಟಾದವರು ನಿಮ್ಮ ಮಾತನ್ನ ಪೂರ್ತಿ ಪಾಲಿಸಿದವರು, ಅದಕ್ಕೇ ಸಿಟ್ಟು. ಹೊಸದಾಗಿ ವ್ಯಾಯಾಮ ಶುರುಮಾಡಿದ ಸ್ನಾಯುಗಳು ದುರಸ್ತಿಗಾಗಿ ನೀರು ಹಿಡಿದಿಟ್ಟುಕೊಳ್ತವೆ. ಗ್ಲೈಕೋಜನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ರೂಪ, ಅದನ್ನೂ ಹೆಚ್ಚು ಶೇಖರಿಸ್ತವೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತೆ. ತಕ್ಕಡಿ ಇದನ್ನೂ ಕೊಬ್ಬನ್ನೂ ಬೇರೆ ಮಾಡಿ ತೋರಿಸಲ್ಲ. ಅವರ ಒಂದೂವರೆ ಕಿಲೋ ಇದೇ ಅಂತ ಮಾತ್ರ ಆಣೆ ಇಡಬೇಡಿ. ತೂಕ ನೋಡಿದ್ದು ಯಾವ ಹೊತ್ತಲ್ಲಿ, ಸೊಂಟದ ಅಳತೆ ಏನಾಗಿದೆ, ಹಸಿವು ಹೆಚ್ಚಿ ಊಟ ಹೆಚ್ಚಿದೆಯಾ ಅಂತ ಕೇಳಿ. ಕಾಲು ಊದಿದೆಯಾ, ಮಲಗಿದಾಗ ಉಸಿರು ಕಟ್ಟುತ್ತಾ ಅಂತಲೂ ಒಂದು ಸಾಲು ಸೇರಿಸಿ. ಹೌದು ಅಂದರೆ ಅದು ವ್ಯಾಯಾಮದ ವಿಷಯವೇ ಅಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂವತ್ತು ಪತ್ರಕ್ಕೆ ಸಮಯ ಎಲ್ಲಿ ಅಂತೀರಿ. ನಾನೂ ಕೆಲವು ವಿವರಣೆಗಳನ್ನ ಮೊದಲೇ ಬರೆದಿಟ್ಟುಕೊಂಡಿದ್ದೀನಿ. ಮೊದಲ ಎರಡು ಸಾಲು ಮಾತ್ರ ಪ್ರತಿಯೊಬ್ಬರಿಗೂ ಹೊಸದಾಗಿ ಬರೀತೀನಿ, ಅವರ ಪತ್ರ ಓದಿದ್ದೀನಿ ಅಂತ ಅವರಿಗೆ ಗೊತ್ತಾಗಬೇಕು. ಪತ್ರಿಕೆಯಲ್ಲಿ ಹಾಕೋದಿದ್ದರೆ ಅನುಮತಿ ಕೇಳಿಯೇ ಹಾಕ್ತೀನಿ, ಗುರುತು ಸಿಗೋ ವಿವರ ತೆಗೆದುಬಿಡ್ತೀನಿ.

ಕೀಲುಮೂಳೆ

ಫಿಸಿಯೋಥೆರಪಿಸ್ಟ್ ನಾನು. ಮಂಡಿ, ಅಮ್ಮ, ಎರಡಕ್ಕೂ ಹೇಳ್ತೀನಿ.

ಮಂಡಿ ಸದ್ದು ಮಾಡೋದಕ್ಕೂ ಮಂಡಿ ಸವೆಯೋದಕ್ಕೂ ಗಂಟು ಹಾಕೋದು ನಾನು ದಿನಾ ನೋಡೋ ತಪ್ಪು. ನೋವಿಲ್ಲದ ಕಟಕಟ ಆರೋಗ್ಯವಾಗಿರೋ ಮಂಡಿಗಳಲ್ಲೂ ಇರುತ್ತೆ. ಕೇಳಬೇಕಾದ್ದು ಬೇರೆ: ನೋವಿದೆಯಾ, ಊತ ಇದೆಯಾ, ಮಡಿಸಿದ ಮಂಡಿ ಬಿಡಿಸೋಕ್ಕಾಗದ ಹಾಗೆ ಸಿಕ್ಕಿಹಾಕಿಕೊಳ್ಳುತ್ತಾ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿಯುತ್ತಾ? ಎಲ್ಲಕ್ಕೂ ಇಲ್ಲ ಅಂದರೆ ಸ್ಕ್ವಾಟ್ ಮುಂದುವರಿಸಲಿ. ಸದ್ದಿಗೆ ಹೆದರಿ ಕೂತರೆ ತೊಡೆಯ ಸ್ನಾಯು ಸೊರಗುತ್ತೆ, ಆಮೇಲೆ ನಿಜಕ್ಕೂ ನೋವು ಶುರುವಾಗಬಹುದು.

ಅಮ್ಮನ ವಿಷಯದಲ್ಲಿ ವಯಸ್ಸು ಕಂಡು ಹಿಂಜರಿಯಬೇಡಿ. 1990ರಲ್ಲಿ ಪ್ರಕಟವಾದ, ಸಂಶೋಧಕಿ ಫಿಯಾಟರೋನ್ ಅವರ ಅಧ್ಯಯನದಲ್ಲಿ ಇದ್ದವರು ಹತ್ತೇ ಜನ, ತೊಂಬತ್ತರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ ಬಡಕಲು ಮೈಯವರು. ಎಂಟು ವಾರ ಮೇಲ್ವಿಚಾರಣೆಯಲ್ಲಿ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ಸಣ್ಣ ಅಧ್ಯಯನ, ಆದರೆ ಮುದಿ ಸ್ನಾಯು ಬಲಗೊಳ್ಳಲ್ಲ ಅನ್ನೋ ನಂಬಿಕೆಯನ್ನ ಬುಡಮೇಲು ಮಾಡಿತು. 65 ದಾಟಿದವರು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಬೇಕು, ಮೂರು ದಿನ ಸಮತೋಲನದ ಅಭ್ಯಾಸ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತೆ.

ಡಂಬೆಲ್ ಆಮೇಲೆ. ಮೊದಲು ಕುರ್ಚಿ. ಗಟ್ಟಿ ಕುರ್ಚಿಯನ್ನ ಗೋಡೆಗೆ ಒತ್ತಿ ಇಟ್ಟು, ಕೈ ಎದೆಗೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. 75ರಿಂದ 79ರ ಮಹಿಳೆಯರಿಗೆ ಹತ್ತಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ, ಬೀಳುವ ಅಪಾಯ ಹೆಚ್ಚು ಅಂತ ನಾವು ಲೆಕ್ಕ ಹಾಕ್ತೀವಿ.

ಬೆಳಗಿನಜಾವ

ನಾನು ಬರೆಯೋನಲ್ಲ, ಬರೆದು ಕೇಳಿದವನು. ಬೆನ್ನುನೋವು ಅಂತ ಇಂಥದ್ದೇ ಒಂದು ಪತ್ರಿಕೆಗೆ ಬರೆದಿದ್ದೆ. ಬಂದ ಉತ್ತರದಲ್ಲಿ ಸಲಹೆ ಇರಲಿಲ್ಲ, ಮೂರು ಪ್ರಶ್ನೆ ಇದ್ದವು. ಮೂರನೆಯದು: "ಕಾಲುಗಳ ಸಂದಿಯಲ್ಲಿ ಮರಗಟ್ಟಿದ ಹಾಗಿದೆಯಾ, ಮೂತ್ರ ಹೋಗೋದರಲ್ಲಿ ಏನಾದರೂ ಬದಲಾವಣೆ?" ಹೌದು, ಇತ್ತು. ನಾಚಿಕೆಯಿಂದ ಮನೆಯಲ್ಲೂ ಹೇಳಿರಲಿಲ್ಲ. ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ ಅಂತ ಬರೆದರು, ಹೋದೆ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿತ್ತು, ಅದೇ ರಾತ್ರಿ ಶಸ್ತ್ರಚಿಕಿತ್ಸೆ ಆಯ್ತು. ಇವತ್ತು ಯಾರ ಆಸರೆಯೂ ಇಲ್ಲದೆ ನಡೀತೀನಿ. ದಯವಿಟ್ಟು ತಿರುಗಿ ಕೇಳಿ. ನಾವು ಕೇಳದೆ ಹೇಳೋರಲ್ಲ.

ಚುರುಕುನಡಿಗೆ

ಮೂವರಿಗೂ ಮನಸಾರೆ ಧನ್ಯವಾದ. ಬೆಳಗಿನಜಾವ ಅವರ ಮಾತು ಓದಿ ಮೂವತ್ತೂ ಪತ್ರಗಳನ್ನ ಮತ್ತೆ ತೆರೆದು ಕೂತೆ. ಸಿಟ್ಟಿನವರಿಗೆ ಮೊದಲು ಬರೆದೆ. ಅವರ ಉತ್ತರ ಒಂದು ಗಂಟೆಯಲ್ಲೇ ಬಂತು. ಊತ, ಉಸಿರಿನ ತೊಂದರೆ ಏನೂ ಇಲ್ಲ, ಸೊಂಟದ ಅಳತೆ ಎರಡು ಸೆಂಟಿಮೀಟರ್ ಇಳಿದಿದೆ, ಅದನ್ನ ಅವರು ಗಮನಿಸಿಯೇ ಇರಲಿಲ್ಲ. ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ನಾಲ್ಕನೇ ವಾರ ಮುಂದುವರಿಸ್ತಾರಂತೆ.

ಅಮ್ಮನ ಪತ್ರದಲ್ಲಿ ನಾನು ಮೊದಲ ಸಲ ಓದದೆ ಬಿಟ್ಟ ಸಾಲು ಇಲ್ಲಿದೆ: "ಹೋದ ತಿಂಗಳು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಒಮ್ಮೆ ಬಿದ್ದರು, ಏಟೇನೂ ಆಗಲಿಲ್ಲ, ಅದಿರಲಿ." ಕುರ್ಚಿಯ ಲೆಕ್ಕ ಮಾಡಿಸಿದರು. ಏಳು ಬಂತು. ಇನ್ನೇನು ಕೇಳಲಿ?

ಕೀಲುಮೂಳೆ

ಕುರ್ಚಿಯಲ್ಲಿ ಕೂತು ಏಳೋ ವ್ಯಾಯಾಮ ಸದ್ಯಕ್ಕೆ ಬೇಡ. ಮೊದಲು ಇಷ್ಟು ಕೇಳಿ: ಹಾಸಿಗೆಯಿಂದ ಎದ್ದ ತಕ್ಷಣ ತಲೆ ಸುತ್ತಿತ್ತಾ? ಯಾವ ಯಾವ ಮಾತ್ರೆ, ಯಾವ ಹೊತ್ತಿಗೆ? ನಿದ್ದೆಗೆ ಏನಾದರೂ ತಗೋತಾರಾ? ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು? ವೈದ್ಯರ ಹತ್ತಿರ ಹೋದಾಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿ ಅಂತ ಅವರೇ ಬಾಯಿಬಿಟ್ಟು ಕೇಳಲಿ, ನಿಂತಾಗ ಬಿಪಿ ಇಳಿಯೋದು ಈ ವಯಸ್ಸಲ್ಲಿ ಬೀಳೋದಕ್ಕೆ ದೊಡ್ಡ ಕಾರಣ. ಹಾಸಿಗೆಯಿಂದ ಬಚ್ಚಲವರೆಗೆ ಇವತ್ತು ರಾತ್ರಿಯಿಂದಲೇ ಒಂದು ದೀಪ ಉರೀತಿರಲಿ.

ಚುರುಕುನಡಿಗೆ

ಬರೆದು ಕಳಿಸಿದೆ. ದೀಪದ ಸಾಲನ್ನ ಎಲ್ಲಕ್ಕಿಂತ ಮೇಲೆ ಹಾಕಿದ್ದೀನಿ.