ಪದಚರ್ಚೆ: ಫ್ಲೇಮ್ ರಿಟಾರ್ಡೆಂಟ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಧಾರವಾಡದಿಂದ:
ಸೋಮವಾರ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಫೋಮ್ ಗಾದಿ, ಸೋಫಾ, ಟಿವಿ ಪ್ಲಾಸ್ಟಿಕ್‌ಗೆ ಬೆರೆಸುವ ಫ್ಲೇಮ್ ರಿಟಾರ್ಡೆಂಟ್‌ಗಳು ನಮ್ಮ ಜೀವಕೋಶಕ್ಕೆ ಏನು ಮಾಡುತ್ತವೆ ಅಂತ ಒಂದು ಫಲಕ ಆಗಬೇಕು. ಹುಡುಗರು ‘ಬೆಂಕಿ ನಿರೋಧಕಗಳು ಜೀವಕೋಶಗಳನ್ನು ಕೊಲ್ಲುತ್ತವೆ’ ಅಂತ ಬರೆದಿದ್ದಾರೆ. ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ದಯವಿಟ್ಟು ಬೇಗ ಹೇಳಿ.

ಹಾವೇರಿಯಿಂದ:
‘ಬೆಂಕಿ ನಿರೋಧಕ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ್ದು. ನಡೆಯಲ್ಲ. ‘ಅಗ್ನಿನಿರೋಧಕ’ ಅಂತ ಮಾಡಿ, ಮುಗೀತು.

ಗದಗದಿಂದ:
ಮುಗಿಯಲಿಲ್ಲ. ‘ಮಳೆಗಾಲ’ವೂ ಅರಿಸಮಾಸವೇ, ಅದನ್ನು ಬಿಟ್ಟು ಮಾತಾಡಿ ನೋಡೋಣ. ತಪ್ಪಿರುವುದು ‘ನಿರೋಧಕ’ದಲ್ಲಿ. ಈ ರಾಸಾಯನಿಕ ಹಾಕಿದ ಫೋಮೂ ಉರಿಯುತ್ತದೆ. ಹೊತ್ತಿಕೊಳ್ಳೋದು, ಹಬ್ಬೋದು ತಡವಾಗುತ್ತದೆ, ಅಷ್ಟೇ. ಬ್ರೋಮಿನ್ ಬಗೆಯದಾದರೆ, ಕಾವಿಗೆ ಹೊರಬಿದ್ದ ಬ್ರೋಮಿನ್ ಜ್ವಾಲೆಯೊಳಗಿನ ಸರಣಿ ಕ್ರಿಯೆಯನ್ನು ಕಡಿಯುತ್ತದೆ. ಹಾಗಾಗಿ ‘ಉರಿತಡೆ’ ಅನ್ನಿ. ತಡ, ತಡೆ ಒಂದೇ ಬೇರಿನವು. ನಮ್ಮ ಕಡೆ ‘ಜರಾ ತಡೀರಿ’ ಅಂದರೆ ಸ್ವಲ್ಪ ಹೊತ್ತು ನಿಲ್ಲಿ ಅಂತ, ಬರಲೇಬೇಡಿ ಅಂತಲ್ಲ.

‘ಕೊಲ್ಲುತ್ತವೆ’ ಇನ್ನೂ ದೊಡ್ಡ ತಪ್ಪು. ಬ್ರೋಮಿನ್ ಬಗೆಯ ಪಿಬಿಡಿಇ ಅನ್ನೋ ರಾಸಾಯನಿಕಗಳ ಗುಂಪನ್ನೇ ತಗೊಳ್ಳಿ. ಎರಡು ಬೆಂಜೀನ್ ಉಂಗುರ, ನಡುವೆ ಒಂದು ಆಮ್ಲಜನಕ. ಥೈರಾಕ್ಸಿನ್ ಹಾರ್ಮೋನಿನ ಕಟ್ಟೂ ಹೀಗೇ ಇದೆ. ಅದರಲ್ಲಿ 4 ಅಯೋಡಿನ್, ಈ ಗುಂಪಿನ ಬಿಡಿಇ-47ರಲ್ಲಿ 4 ಬ್ರೋಮಿನ್. ದೇಹದಲ್ಲಿ ಇದು ಸ್ವಲ್ಪ ಮಾರ್ಪಟ್ಟು, ರಕ್ತದಲ್ಲಿ ಥೈರಾಕ್ಸಿನ್ ಹೊರುವ ಪ್ರೋಟೀನಿನ ಮೇಲೆ ತಾನೇ ಹೋಗಿ ಕೂರಬಲ್ಲದು. ಲ್ಯಾಬಿನಲ್ಲಿ ಬೆಳೆಸಿದ ನರಕೋಶಗಳಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ಪೆಟ್ಟು ಬಿದ್ದದ್ದು ಕಂಡಿದೆ. ಪ್ರಮಾಣ ಜಾಸ್ತಿಯಾದರೆ ಕೋಶ ಸಾಯುವುದೂ ಉಂಟು. ಆದರೆ ಲ್ಯಾಬಿನ ತಟ್ಟೆಯಲ್ಲಿ ಕಂಡದ್ದು ಗಾದಿ ಮೇಲೆ ಮಲಗಿದವರಿಗೂ ಆಗುತ್ತದೆ ಅಂತ ಬರೆಯಬಾರದು. ‘ಜೀವಕೋಶದ ಕೆಲಸ ಕೆಡಿಸಬಲ್ಲವು’ ಅನ್ನಿ.

ಹಾವೇರಿಯಿಂದ:
‘ತಡೆ’ ಅಂದರೆ ಜನಕ್ಕೆ ನೆನಪಾಗುವುದು ರಸ್ತೆತಡೆ. ಅಲ್ಲಿ ಗಾಡಿ ತಡವಾಗಿ ಹೋಗುತ್ತದಾ? ಹೋಗುವುದೇ ಇಲ್ಲ. ಬೇರು ಹಿಡಿದು ಅರ್ಥ ಹೇಳಬೇಡಿ. ಅಷ್ಟಕ್ಕೂ ಸಂಸ್ಕೃತ ಬೇಡ ಅನ್ನೋರು ‘ಜೀವಕೋಶ’ವನ್ನು ಯಾಕೆ ಬಿಟ್ಟಿರಿ?

ಗದಗದಿಂದ:
ಸಂಸ್ಕೃತ ಬೇಡ ಅಂತ ನಾನೆಲ್ಲಿ ಅಂದೆ? ‘ಜೀವಕೋಶ’ ಶಾಲೆ ಮಕ್ಕಳ ಬಾಯಲ್ಲೂ ಇದೆ, ಇರಲಿ. ‘ಗಾದಿ’, ‘ಖುರ್ಚಿ’ ಹೊರಗಿನವೇ, ಹುಬ್ಬಳ್ಳಿಯಲ್ಲಿ ಯಾರೂ ಹಾಗೆ ಅಂದುಕೊಳ್ಳಲ್ಲ. ‘ಅಗ್ನಿನಿರೋಧಕ’ ಓದಿದವರು ಗಾದಿಗೆ ಬೆಂಕಿಯೇ ಹತ್ತಲ್ಲ ಅಂದುಕೊಳ್ಳುತ್ತಾರೆ. ನನ್ನ ತಕರಾರು ಅದೊಂದೇ.

ಹುಬ್ಬಳ್ಳಿಯಿಂದ:
ಜಗಳ ಆಮೇಲೆ. ಫಲಕದಲ್ಲಿ ‘ಲೇಪನ’ ಅಂತ ಬರೆದಿದ್ದರೆ ತೆಗೆಯಿರಿ, ‘ಬೆರೆಸಿದ’ ಅನ್ನಿ. ಪಿಬಿಡಿಇ ಫೋಮಿಗೆ ಬೆಸೆದುಕೊಂಡಿರಲ್ಲ. ನಿಧಾನವಾಗಿ ಹೊರಬಂದು ಮನೆಯ ಧೂಳು ಸೇರುತ್ತದೆ. ನೆಲದ ಮೇಲೆ ಆಡಿ ಕೈ ಬಾಯಿಗಿಡುವ ಕೂಸುಗಳಿಗೆ ಜಾಸ್ತಿ ಹೋಗುವುದು ಹೀಗೆ. ಪೆಂಟಾ, ಆಕ್ಟಾ ಅನ್ನೋ ಮಿಶ್ರಣಗಳ ಪಿಬಿಡಿಇಗಳು 2009ರಲ್ಲಿ, ಡೆಕಾ ಅನ್ನೋ ಬಗೆ 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿ ಸೇರಿದವು. ಹಳೇ ಸಾಮಾನಿನಲ್ಲಿ ಇನ್ನೂ ಇರುತ್ತವೆ. ಇದನ್ನೂ ಹಾಕಿ.

ಧಾರವಾಡದಿಂದ:
ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ: ‘ಉರಿತಡೆ ರಾಸಾಯನಿಕಗಳು ಜೀವಕೋಶದ ಕೆಲಸ ಕೆಡಿಸಬಲ್ಲವು’. ಅದರ ಕೆಳಗೆ ಸಣ್ಣಕ್ಕೆ: ‘ಉರಿತಡೆ ಅಂದರೆ ಬೆಂಕಿ ಹಬ್ಬುವುದನ್ನು ತಡ ಮಾಡುವಂಥದ್ದು’. ಧೂಳಿನ ವಿಷಯಕ್ಕೆ ಬೇರೆ ಚೌಕ ಮಾಡಿದ್ದೇವೆ. ಅಂಗಡಿಗೆ ಕಳಿಸಿದೆ.

ಹಾವೇರಿಯಿಂದ:
ಕೆಳಗೆ ಅರ್ಥ ಬರೆಯಬೇಕಾಯಿತು, ಅಲ್ವಾ? ನನ್ನ ಒಪ್ಪಿಗೆ ಇಲ್ಲ.