ಕಲಬುರಗಿಯೊಳಗ ತೆರೆದ ಸಿಟ್‌ಔಟ್‌ಗೆ ಗಾಜಿನ ಕೋಣಿ – ಮಾಡಿಸಿದವರು ಅನುಭವ ಹೇಳ್ರಿ

ಶಹಾಬಾದ್_ಕಲ್ಲು
ಮೊದಲ ಮಹಡಿ, ಮುಂದಿನ ತೆರೆದ ಸಿಟ್‌ಔಟ್. ಪಶ್ಚಿಮಕ್ಕ 14 ಅಡಿ, ದಕ್ಷಿಣಕ್ಕ 12 ಅಡಿ, ಉಳಿದ ಎರಡು ಕಡೆ ಮನಿ ಗ್ವಾಡಿ. 3 ಅಡಿ ಪ್ಯಾರಾಪೆಟ್, ನೆಲಕ್ಕ ಶಹಾಬಾದ್ ಕಲ್ಲು. ಈಗ ಹಪ್ಪಳ-ಶಾಂಡಗಿ ಒಣಗಿಸಲಿಕ್ಕ ಬಿಟ್ರ ಯಾತಕ್ಕೂ ಬಳಕಿ ಇಲ್ಲ. ಬಜೆಟ್ 3 ಲಕ್ಷ. ಮೂರು ಪ್ರಶ್ನಿ ಅವ. ಮ್ಯಾಲ ಗ್ಲಾಸೋ ಪಾಲಿಕಾರ್ಬೊನೇಟೋ? ಎಸಿ ಎಷ್ಟು ಟನ್? ಮಳಿನೀರಿನ ಪೈಪು ನೈರುತ್ಯ ಮೂಲ್ಯಾಗ ಅದ, ಮುಚ್ಚಿದ್ರ ಅದು ಕೋಣಿ ಒಳಗ ಬರ್ತದ, ಏನು ಮಾಡ್ಲಿ?

ಬಳ್ಳಾರಿ_ಬಿಸಿಲು
ಪಾಲಿಕಾರ್ಬೊನೇಟ್ ಹಾಕಿಸೋರು ಮೊದ್ಲು ಈ ಲೆಕ್ಕ ನೋಡ್ರಿ. 10 ಎಂಎಂ ಮಲ್ಟಿವಾಲ್ (ಒಳಗೆ ಉದ್ದಕ್ಕೂ ಟೊಳ್ಳು ಕೊಳವೆ ಇರೋ ಶೀಟು), ಬ್ರಾಂಜ್ ಬಣ್ಣ, 190 ಚದರಡಿ, ಅಡಿಗೆ 105ರಂತೆ 19,950. ಎಂಎಸ್ ಪೈಪು 212 ಕೆಜಿ, 115ರಂತೆ 24,380. ಅಲ್ಯೂಮಿನಿಯಂ ಪಟ್ಟಿ, ಟೇಪು, ಸ್ಕ್ರೂ ಸೇರಿ 11,200. ಇಷ್ಟು ಮೊದಲ ಸಲದ ಖರ್ಚು. ಬಿಚ್ಚಿ ಮತ್ತೆ ಹಾಕಿಸಿದ್ದಕ್ಕೆ 38,600 ಬೇರೆ.

ಯಾಕೆ ಬಿಚ್ಚಬೇಕಾಯ್ತು ಅಂದ್ರೆ, ಫ್ಯಾಬ್ರಿಕೇಟರು 6 ಎಂಎಂ ಸ್ಕ್ರೂಗೆ 6 ಎಂಎಂ ತೂತೇ ಹೊಡೆದಿದ್ದ. ಈ ಶೀಟು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.065 ಎಂಎಂ ಹಿಗ್ಗುತ್ತೆ. 12 ಅಡಿ ಶೀಟು, ಬೆಳಗಿಗೂ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಅಂದ್ರೆ 9.5 ಎಂಎಂ. ಅದು ಎಲ್ಲಿಗೆ ಹೋಗ್ಬೇಕು? ಹೊಟ್ಟೆ ಉಬ್ಬಿಸ್ಕೊಂಡು ನಿಂತ್ಕೊಳ್ತೈತೆ, ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಟಕ್ ಟಕ್ ಅಂತ ಸದ್ದು. ತೂತು 10 ಎಂಎಂ ಇರಲಿ, ಅಗಲ ವಾಶರ್ ಇಪಿಡಿಎಂ ರಬ್ಬರಿಂದೇ ಆಗ್ಲಿ. ಪಿವಿಸಿ ವಾಶರ್ ಹಾಕಿದ ಕಡೆಯಿಂದ್ಲೇ ಬಿರುಕು ಶುರು. ಕೊಳವೆಗಳು ಇಳಿಜಾರಿನ ಉದ್ದಕ್ಕೇ ಇರಬೇಕು, ಮೇಲ್ತುದಿಗೆ ಅಲ್ಯೂಮಿನಿಯಂ ಟೇಪು, ಕೆಳತುದಿಗೆ ಗಾಳಿಯಾಡೋ ಟೇಪು. ಎರಡೂ ಕಡೆ ಸೆಲ್ಲೋಟೇಪ್ ಸುತ್ತಿದ್ರೆ ಒಂದೇ ಮಳೆಗಾಲಕ್ಕೆ ಒಳಗೆ ಪಾಚಿ. ಯುವಿ ಪದರ ಇರೋ ಮೈ ಮೇಲೆ ಬರ್ಬೇಕು, ಯಾವ ಮೈ ಅಂತ ಮೇಲಿನ ಪ್ಲಾಸ್ಟಿಕ್ ಹಾಳೆ ಮೇಲೆ ಅಚ್ಚಾಗಿರುತ್ತೆ. ಕೂರಿಸಿದ ದಿನವೇ ಆ ಹಾಳೆ ಕಿತ್ತುಬಿಡಿ, ಎರಡು ವಾರ ಬಿಸಿಲಿಗೆ ಬಿಟ್ರೆ ಉಗುರಲ್ಲಿ ಕೆರೆದ್ರೂ ಬರಲ್ಲ.

ಹಳೇ_ಹುಬ್ಬಳ್ಳಿ
ಇಷ್ಟೆಲ್ಲಾ ಸರ್ಕಸ್ ಮಾಡಿ ಮ್ಯಾಲಿಂದ ಬೆಳಕು ಯಾಕ ಬೇಕ್ರೀ? ಕಲಬುರಗಿ ಇರೋದು 17.3 ಡಿಗ್ರಿ ಅಕ್ಷಾಂಶದಾಗ. ಮೇ ಎರಡನೇ ವಾರ ಒಮ್ಮೆ, ಆಗಸ್ಟ್ ಮೊದಲ ವಾರ ಒಮ್ಮೆ ಸೂರ್ಯ ನೆತ್ತಿ ಮ್ಯಾಲೆ ನೆಟ್ಟಗ. ನಡುವಿನ ದಿನದಾಗೂ ಮಧ್ಯಾಹ್ನ ನೆತ್ತಿ ಬಿಟ್ಟು ಹೆಚ್ಚು ದೂರ ಹೋಗಂಗಿಲ್ಲ. ಚದರ ಮೀಟರಿಗೆ ಸುಮಾರು 1,000 ವಾಟ್ ಬೀಳತೈತಿ. 168 ಚದರಡಿ ಅಂದ್ರ 15.6 ಚ.ಮೀ. ಬ್ರಾಂಜ್ ಶೀಟಿನಾಗ ನೂರಕ್ಕ 35 ಪಾಲು ಒಳಗ ಬಂತು ಅಂತ ಹಿಡೀರಿ, 5,400 ವಾಟ್ ಮಿಕ್ಕತೈತಿ. ಒಂದು ಟನ್ ಎಸಿ ಎತ್ತೋದು 3,517 ವಾಟ್. ಛಾವಣಿಗೇ ಒಂದೂವರಿ ಟನ್ ಹೋತು!

50 ಎಂಎಂ ಪಫ್ ಪ್ಯಾನೆಲ್ (ಎರಡು ತಗಡಿನ ನಡುವ ಫೋಮ್) ಹಾಕ್ರಿ. ಮ್ಯಾಲಿನ ತಗಡು 65 ಡಿಗ್ರಿ ಕಾದು, ಒಳಗ 30 ಇದ್ರೂ ಇಳಿಯೋ ಶಾಖ 240 ವಾಟ್ ಅಷ್ಟ. ನಾಲ್ಕು ಹಳೇ ಬಲ್ಬಿನಷ್ಟು. ನಮ್ಮ ಬಿಲ್ಲು: 190 ಚದರಡಿ, 128ರಂತೆ 24,320, ಜಿಎಸ್‌ಟಿ 18% 4,378, ಒಟ್ಟು 28,698. ಫ್ಲ್ಯಾಶಿಂಗ್ (ಸಂದು ಮುಚ್ಚೋ ತಗಡು), ರಿಡ್ಜ್, ಸ್ಕ್ರೂ 9,400. ಕೂಲಿ 7,000.

ತಪ್ಪಾಗೋ ಜಾಗ ಇವು. ಸ್ಕ್ರೂ ಏಣಿನ ಮ್ಯಾಲೇ ಹೊಡೀಬೇಕು, ತಗ್ಗಿನಾಗ ಹೊಡೆದ್ರ ಸೋರೋದು ಗ್ಯಾರಂಟಿ. ವಾಶರ್ ಅಂಚಿನಿಂದ ತುಸು ಉಬ್ಬೋಮಟ ಮಾತ್ರ ಬಿಗಿ. ಗ್ರೈಂಡರ್‌ನಾಗ ಕತ್ತರಿಸಬ್ಯಾಡ್ರಿ, ಕಿಡಿ ಬಿದ್ದಲ್ಲೆಲ್ಲಾ ಬಣ್ಣ ಸುಟ್ಟು ಆರು ತಿಂಗಳಿಗೆ ತುಕ್ಕಿನ ಚುಕ್ಕಿ. ವೆಲ್ಡಿಂಗ್ ಎಲ್ಲಾ ಮುಗಿದ ಮ್ಯಾಲೇ ಪ್ಯಾನೆಲ್ ಏರಿಸಬೇಕು, ಫೋಮಿಗೆ ಕಿಡಿ ತಾಗಿದ್ರ ಕೆಟ್ಟ ಹೊಗಿ. ತೆರೆದ ತುದಿಗೆ ತಗಡಿನ ಮುಚ್ಚಳ ಬೇಕೇ ಬೇಕು, ಇಲ್ಲಂದ್ರ ಇರುವಿ ಒಳಗ ಸಂಸಾರ ಹೂಡತಾವ. ಇಳಿಜಾರು 5 ಡಿಗ್ರಿ, ಅಂದ್ರ 12 ಅಡಿಗೆ ಒಂದಡಿ ಚಿಲ್ಲರ.

ಎರಡು_ಗಾಜು
ಪಫ್ ಹಾಕಿದ್ಮೇಲೆ ಅದು ಗಾಜಿನ ಕೋಣೆ ಹೇಗಾಗುತ್ತೆ ಸರ್? ಕೋಲ್ಡ್ ಸ್ಟೋರೇಜ್ ಅನ್ನಿ. ಮೇಲೆ ಗಾಜು ಹಾಕೋದಕ್ಕೂ ಕ್ರಮ ಇದೆ. ಟಫನ್ಡ್ ಒಂದನ್ನೇ ತಲೆ ಮೇಲೆ ಹಾಕಬಾರದು. ಒಳಗೆ ನಿಕಲ್ ಸಲ್ಫೈಡ್ ಕಣ ಇದ್ರೆ ಒಂದಿನ ಏನೂ ತಾಗದೆ ಇಡೀ ಗಾಜು ಪುಡಿಯಾಗಿ ಸುರಿಯುತ್ತೆ. 6+1.52+6 ಲ್ಯಾಮಿನೇಟೆಡ್ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ) ಬೇಕು, ಒಡೆದರೂ ಹಾಳೆಗೆ ಅಂಟಿಕೊಂಡಿರುತ್ತೆ. ತೂಕ ಚ.ಮೀಟರಿಗೆ 31–32 ಕೆಜಿ.

ಗೋಡೆ ಬದಿಗೆ ಲೋ-ಇ (ಶಾಖ ತಡೆಯೋ ತೆಳು ಲೇಪ ಇರೋ) ಡಬಲ್ ಗ್ಲಾಸ್, 6-12-6, ಅಂದ್ರೆ ಎರಡು 6 ಎಂಎಂ ಗಾಜು, ನಡುವೆ 12 ಎಂಎಂ ಸಂದು. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಫ್ರೇಮ್ ಸೇರಿ 130 ಚದರಡಿ, 980ರಂತೆ 1,27,400, ಟ್ಯಾಕ್ಸ್ 22,932. ಒಟ್ಟು 1,50,332. ದುಬಾರಿ, ಒಪ್ತೀನಿ. ಆದರೆ ಲೆಕ್ಕ ಹಾಕಿ. ಪಶ್ಚಿಮದ 14×5 ಅಡಿ ಗಾಜಿಗೆ ಇಳಿಹೊತ್ತಿನಲ್ಲಿ ಚ.ಮೀಟರಿಗೆ 650 ವಾಟ್ ಬಿಸಿಲು ಅಂದ್ರೂ, ಸಾದಾ 6 ಎಂಎಂ ಗಾಜು 3,460 ವಾಟ್ ಒಳಗೆ ಬಿಡುತ್ತೆ, ಇದು 1,180. ಕೊಟೇಶನ್‌ನಲ್ಲಿ ಎಸ್‌ಎಚ್‌ಜಿಸಿ (ಬಿದ್ದ ಬಿಸಿಲಿನ ಶಾಖದಲ್ಲಿ ಒಳಗೆ ಬರೋ ಪಾಲು) ಎಷ್ಟು ಅಂತ ಬರೆಸಿ: ಸಾದಾ ಗಾಜಿಗೆ 0.82, ಇದಕ್ಕೆ 0.28ರ ಆಸುಪಾಸು. "ಹೀಟ್ ರೆಸಿಸ್ಟೆಂಟ್" ಅನ್ನೋ ಮಾತಿಗೆ ಅರ್ಥವಿಲ್ಲ. ಆಮೇಲೆ ಕಾಸು ಉಳಿಸೋಕೆ ಅಂತ ಸಾದಾ ಡಬಲ್ ಗ್ಲಾಸ್ ಹಾಕಿಸಿ ಒಳಮೈಗೆ ಕಪ್ಪು ಫಿಲ್ಮ್ ಅಂಟಿಸ್ಬೇಡಿ. ಒಳಗಿನ ಗಾಜು ಕಾದು, ಫ್ರೇಮಿನೊಳಗಿನ ಅಂಚು ತಣ್ಣಗಿದ್ದು, ಅಂಚಿನಿಂದ ಬಿರುಕು ಹೊರಡುತ್ತೆ. ಗ್ಯಾರಂಟಿ ಕೇಳಿದ್ರೆ ಫಿಲ್ಮ್ ನೋಡಿ ಕೈ ಎತ್ತುತ್ತಾರೆ.

ಹಳೇ_ಹುಬ್ಬಳ್ಳಿ
ಬೆಂಗಳೂರಿನ ತಂಪಿನಾಗ ಕುಂತು ಕಲಬುರಗಿಯವರಿಗೆ ಗ್ಲಾಸ್ ಮಾರಬ್ಯಾಡ್ರಿ. ಅವರ ಬಜೆಟ್ 3 ಲಕ್ಷ, ಅದರಾಗ ಅರ್ಧ ನಿಮ್ಮ ಕಿಟಕಿಗೇ ಹೋತು.

ಎರಡು_ಗಾಜು
ಮಾರೋಕೆ ನನ್ನದೇನು ಅಂಗಡಿ ಇಲ್ಲ. 0.82ಕ್ಕೂ 0.28ಕ್ಕೂ ವ್ಯತ್ಯಾಸ ಊರು ನೋಡಿ ಬದಲಾಗಲ್ಲ. ನಿಮ್ಮ ತಗಡಿನ ಕೆಳಗೆ ಮಧ್ಯಾಹ್ನ ಲೈಟ್ ಹಾಕ್ಕೊಂಡು ಪೇಪರ್ ಓದ್ತೀರಲ್ಲ, ಅದನ್ನೂ ಬರೀರಿ.

ಚಿಕ್ಕಿನ_ಪರದೆ
ಇಬ್ಬರೂ ಸುಮ್ನಿರ್ರಿ ಅಣ್ಣಾರ. ರಾಯಚೂರಿನ ಬಿಸಲಾಗ ನಡೆದದ್ದು ಹೇಳ್ತೀನಿ. ಬಿಸಲು ಗಾಜು ದಾಟಿದ ಮ್ಯಾಲ ಒಳಗಿನ ಪರದಿ ಎಳೆದ್ರ ಅಷ್ಟು ಉಪಯೋಗಿಲ್ಲ, ಪರದಿಯೇ ಕಾಯ್ತದ, ಕೋಣಿಗೇ ಬಿಡ್ತದ. ತಡೀಬೇಕಾದ್ದು ಹೊರಗ.

ಪಶ್ಚಿಮಕ್ಕ ಸಜ್ಜಾ ನಂಬಬ್ಯಾಡ್ರಿ. ಮೇ ತಿಂಗಳ ಸಂಜಿ ನಾಲ್ಕೂವರಿಗೆ ಸೂರ್ಯ ಇರೋದು ಸುಮಾರು 30 ಡಿಗ್ರಿ ಎತ್ತರದಾಗ. 2 ಅಡಿ ಸಜ್ಜಾದ ನೆಳ್ಳು ಗಾಜಿನ ಮ್ಯಾಲ 14 ಇಂಚು ಇಳೀತದ, ಉಳಿದದ್ದೆಲ್ಲಾ ಬಯಲು. ದಕ್ಷಿಣದ ಮಾತು ಬ್ಯಾರೆ, ಅಲ್ಲಿ ಅದೇ ಸಜ್ಜಾ ಸಾಕು, ಸಾದಾ ಗಾಜೂ ನಡೀತದ.

ಪಶ್ಚಿಮಕ್ಕ ಹೊರಗಿಂದ ಬಿದಿರಿನ ಚಿಕ್ (ಸುತ್ತಿ ಎತ್ತೋ ಪರದಿ). 14 ಅಡಿ ಒಂದೇ ತುಂಡು ಮಾಡಿಸಬ್ಯಾಡ್ರಿ, ಎತ್ತಲಿಕ್ಕೂ ಆಗಂಗಿಲ್ಲ, ನಡುವ ಜೋತು ಬೀಳ್ತದ. 4 ಅಡಿ 8 ಇಂಚಿನ ಮೂರು, ಉದ್ದ 7 ಅಡಿ. 98 ಚದರಡಿ, 65ರಂತೆ 6,370. ಹತ್ತಿ ಹಗ್ಗ ಒಂದು ವರ್ಷಕ್ಕ ಕೊಳೀತದ, 6 ಎಂಎಂ ನೈಲಾನ್ ಹಾಕಿಸ್ರಿ. ಗಾಜಿಗೂ ಚಿಕ್ಕಿಗೂ ನಡುವ 4 ಇಂಚು ಸಂದು ಬಿಡ್ರಿ, ಮ್ಯಾಲ-ಕೆಳಗ ಅದು ತೆರದಿರಬೇಕು, ಕಾದ ಗಾಳಿ ಮ್ಯಾಲ ಹೋಗ್ತದ. ಕೆಳಗಿನ ಬಡಿಗಿಗೆ ಎರಡು ಕೊಂಡಿ ಹಾಕಿ ಪ್ಯಾರಾಪೆಟ್ಟಿಗೆ ಕಟ್ಟದಿದ್ರ ಮುಂಗಾರು ಮುಂಚಿನ ಗಾಳಿಗೆ ಗಾಜಿಗೇ ಬಡೀತದ.

ಇನ್ನೊಂದು, ಗಾಳಿ ಯಾರೂ ಹೇಳಲಿಲ್ಲ. ಒಣ ಬಿಸಿಲಿನ ಸೀಮಿಗೆ ಕಿಟಕಿ ತೆರಪು ನೆಲದ ಹತ್ತನೇ ಒಂದಂಶ ಅಂತ ರಾಷ್ಟ್ರೀಯ ಕಟ್ಟಡ ಸಂಹಿತಿಯೊಳಗ ಅದ. 168ಕ್ಕ 17 ಚದರಡಿ. ಸ್ಲೈಡಿಂಗ್ ಕಿಟಕಿ ಅರ್ಧಾನೇ ತೆರೀತದ, ಅದನ್ನ ಲೆಕ್ಕದಾಗ ಇಟ್ಟುಕೊಳ್ರಿ. ಮನಿ ಗ್ವಾಡಿ ಕಡೆ, ಛಾವಣಿ ಎತ್ತರ ಇರೋ ತುದಿಗೆ ಒಂದಡಿ ಜಾಲಿ ಪಟ್ಟಿ ಬಿಡ್ರಿ. ಹಳೇ ಮಾಳಗಿ ಮನ್ಯಾಗ ಬೆಳಕಿಂಡಿ ಇರ್ತಿತ್ತಲ್ಲ, ಅದೇ ಕೆಲಸ. ಕೂಲರ್ ಇಡೋದಾದ್ರಂತೂ ಗಾಳಿ ಹೊರಗ ಹೋಗೋ ದಾರಿ ಇಲ್ಲದಿದ್ರ ಅರ್ಧ ತಾಸಿಗೆ ಮೈಯೆಲ್ಲಾ ಅಂಟಂಟು.

ಬಾದಾಮಿ_ಮಂಗ್ಯಾ
ಚಿಕ್ಕು ನಮ್ಮ ಕಡೆ ಮಂಗ್ಯಾನ ಏಣಿ ಆಗತೈತಿ. ಪಾಲಿಕಾರ್ಬೊನೇಟ್ ಜಾರುಬಂಡಿ. ಅಷ್ಟ ಹೇಳಾಕ ಬಂದೆ.

ಕರಾವಳಿ_ವೆಲ್ಡಿಂಗ್
ಎಲ್ಲರೂ ಮೇಲೆ ಏನು ಹಾಕುವುದು ಅಂತ ಜಗಳ, ಅದನ್ನು ಕೆಳಗೆ ಹಿಡಿದಿಡುವುದು ಯಾವುದು ಮಾರಾಯ್ರೇ? ಗಾಳಿ ವೇಗ ಬೆಂಗಳೂರಿನ ಸೆಕೆಂಡಿಗೆ 33 ಮೀಟರ್ ಹಿಡಿದರೂ ಒತ್ತಡ 0.6×33×33, ಅಂದರೆ 653 ನ್ಯೂಟನ್, ಚ.ಮೀಟರಿಗೆ 66 ಕೆಜಿ. 190 ಚದರಡಿ ಅಂದರೆ 17.6 ಚ.ಮೀ. ಗುಣಾಂಕ ಎಲ್ಲ ಬಿಟ್ಟು ನೋಡಿದರೂ ಮೇಲಕ್ಕೆ ಎಳೆಯುವ ಬಲ 1,160 ಕೆಜಿ. ಪಫ್ ಪ್ಯಾನೆಲಿನ ತೂಕ ಇನ್ನೂರು ಕೆಜಿ ಸಹ ಇಲ್ಲ. ಪ್ಯಾರಾಪೆಟ್ ಮೇಲೆ ಕಂಬ ನಿಲ್ಲಿಸಿ ನಾಲ್ಕಿಂಚಿನ ಬ್ಲಾಕಿಗೆ ಆ್ಯಂಕರ್ ಹೊಡೆದದ್ದು ಎಷ್ಟು ಕಂಡಿದ್ದೇನೆ, ಕೈಯಲ್ಲಿ ಅಲ್ಲಾಡಿಸಿದರೆ ಬರುತ್ತದೆ.

ಕಂಬ 6, ಪ್ಯಾರಾಪೆಟ್ಟಿನ ಒಳಬದಿಗೆ, ತೊಲೆಯ ನೇರಕ್ಕೆ. ಬೇಸ್ ಪ್ಲೇಟು 150×150×8, ಒಂದೊಂದಕ್ಕೆ 12 ಎಂಎಂ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) 4. ಶಹಾಬಾದ್ ಕಲ್ಲಿನ ಮೇಲೆ ಪ್ಲೇಟು ಕೂರಿಸುವುದಲ್ಲ, ಅಲ್ಲಿ ಕಲ್ಲು, ಗಾರೆ ತೆಗೆದು ಕಾಂಕ್ರೀಟ್ ಸಿಗುವ ತನಕ ಹೋಗಬೇಕು. ತೂತಿನ ಪುಡಿಯನ್ನು ಬ್ಲೋವರ್ ಹಿಡಿದು, ಬ್ರಷ್ ಹಾಕಿ, ಮತ್ತೆ ಬ್ಲೋವರ್ ಹಿಡಿದು ತೆಗೆಯದಿದ್ದರೆ ಕೆಮಿಕಲ್ ಪುಡಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ. ಪ್ಲೇಟಿನ ಅಡಿ 25 ಎಂಎಂ ಗ್ರೌಟ್. ರಾಫ್ಟರ್ 100×50×3 ಪೈಪು, ಮೀಟರಿಗೆ 6.6 ಕೆಜಿ, 4 ಮೀಟರಿನದ್ದು ಐದು: 132 ಕೆಜಿ.

ಮನೆ ಗೋಡೆಗೆ ಛಾವಣಿ ಸೇರುವಲ್ಲಿ ಬರೇ ಸಿಲಿಕೋನ್ ಬಳಿದರೆ ಆಗುವುದಿಲ್ಲ. ಗೋಡೆಗೆ 25 ಎಂಎಂ ಆಳದ ಸೀಳು ಕತ್ತರಿಸಿ ಫ್ಲ್ಯಾಶಿಂಗ್ ತಗಡಿನ ಅಂಚನ್ನು ಅದರೊಳಗೆ ತೂರಿಸಿ, ಪಿಯು ಸೀಲೆಂಟ್ ತುಂಬಬೇಕು. ಸಿಲಿಕೋನ್ ಎಲ್ಲಾದರೂ ಬೇಕಾದರೆ ನ್ಯೂಟ್ರಲ್ ತರಿಸಿ. ವಿನೆಗರ್ ವಾಸನೆಯದ್ದು ಲೋಹವನ್ನು ತಿನ್ನುತ್ತದೆ.

ಯುಪಿವಿಸಿ ಬಿಸಿಲೂರಿಗೆ ಬೇಡ. 2 ಮೀಟರ್ ಪಟ್ಟಿ 40 ಡಿಗ್ರಿಗೆ 5.6 ಎಂಎಂ ಹಿಗ್ಗುತ್ತದೆ, ಅಲ್ಯೂಮಿನಿಯಂ 2 ಎಂಎಂ ಸಹ ಇಲ್ಲ.

ಎರಡು_ಗಾಜು
ಒಳಗೆ ಜಿಐ ಸ್ಟೀಲ್ ಇರೋ ಬಿಳಿ ಪ್ರೊಫೈಲ್‌ಗೆ ಏನೂ ಆಗಲ್ಲ. ಬಾಗೋದು ಮರದ ಬಣ್ಣದ ಲ್ಯಾಮಿನೇಟ್, ಅದೂ ಸ್ಟೀಲ್ ಕದ್ದಿದ್ರೆ. ಮ್ಯಾಗ್ನೆಟ್ ಇಟ್ಟು ನೋಡಿ, ಗೊತ್ತಾಗುತ್ತೆ. ನಿಮ್ಮ ಅಲ್ಯೂಮಿನಿಯಂ ಹಿಗ್ಗಲ್ಲ ಸರಿ, ಸಂಜೆ ಐದಕ್ಕೆ ಫ್ರೇಮ್ ಮುಟ್ಟಿ ನೋಡಿ.

ಕರಾವಳಿ_ವೆಲ್ಡಿಂಗ್
ಫ್ರೇಮ್ ಮುಟ್ಟಲಿಕ್ಕೆ ಯಾರು ಕೋಣೆ ಕಟ್ಟಿಸುತ್ತಾರೆ?

ಬಳ್ಳಾರಿ_ಬಿಸಿಲು
ಇಬ್ರೂ ಪೈಪಿನ ವಿಚಾರ ಹೇಳ್ಲಿಲ್ಲ ನೋಡಿ, ಅವ್ರು ಕೇಳಿದ್ದೇ ಅದು.

ಕರಾವಳಿ_ವೆಲ್ಡಿಂಗ್
ಹೇಳುವವನಿದ್ದೆ, ನಡುವೆ ಮ್ಯಾಗ್ನೆಟ್ ಬಂತು. ಛಾವಣಿ ಪಶ್ಚಿಮಕ್ಕೆ ಇಳಿಸಿ, ಅಂಚಿಗೆ 6 ಇಂಚಿನ ಗಟರ್. ತಾಸಿಗೆ 100 ಮಿ.ಮೀ. ಮಳೆ ಬಂದರೂ 17.6 ಚ.ಮೀಟರಿಗೆ ನಿಮಿಷಕ್ಕೆ 30 ಲೀಟರ್, 75 ಎಂಎಂ ಪೈಪು ಧಾರಾಳ. ಆದರೆ ಆ ಪೈಪನ್ನು ಈಗಿನ ನೈರುತ್ಯದ ಪೈಪಿಗೆ ಸೇರಿಸಬೇಡಿ. ಕೆಳಗೆ ಎಲೆ ಕಟ್ಟಿದ ದಿನ ಛಾವಣಿ ನೀರೆಲ್ಲ ನೆಲದ ಬಾಯಿಂದ ಕೋಣೆಯೊಳಗೆ ಉಕ್ಕುತ್ತದೆ. ಹೊರಗೋಡೆ ಮೇಲೆ ಬೇರೆಯೇ ಇಳಿಸಿ. ಹಳೇ ಬಾಯಿ ಮುಚ್ಚಬೇಡಿ, ಜಾಲರಿ ಹಾಕಿ ನೆಲ ಒರೆಸಿದ ನೀರಿಗೆ, ಎಸಿ ನೀರಿಗೆ ಇಟ್ಟುಕೊಳ್ಳಿ. ಮೇಲಿನ ತಾರಸಿಯ ದೋಣಿ ನೀರು ಈ ಜಾಗಕ್ಕೆ ಬೀಳುತ್ತದಾ? ಬಿದ್ದರೆ ನನ್ನ 30 ಲೀಟರ್ ಲೆಕ್ಕ ಬಿದ್ದುಹೋಯಿತು. ಮೊದಲು ಆ ದೋಣಿ ತಿರುಗಿಸಿ.

ಹಳೇ_ಹುಬ್ಬಳ್ಳಿ
ನಕ್ಷಿ ಮಂಜೂರಾತಿ? ತೆರೆದ ಜಾಗ ಮುಚ್ಚಿದ್ರ ಕಟ್ಟಿದ ವಿಸ್ತೀರ್ಣಕ್ಕ ಸೇರತೈತಿ. ಬಾಜೂಮನಿಯವರು ಅರ್ಜಿ ಕೊಟ್ರ 28,698 ರೂಪಾಯಿ ಪ್ಯಾನೆಲ್ ಬಿಚ್ಚಿ ಅಂಗಳದಾಗ ಇಡಬೇಕು.

ಎರಡು_ಗಾಜು
ಆ 28,698 ಇನ್ನೊಂದ್ಸಲ ಹೇಳಿ, ಬಾಯಿಪಾಠ ಆಗಲಿ.

ಶಹಾಬಾದ್_ಕಲ್ಲು
ಮ್ಯಾಲಿನ ದೋಣಿ ಹೌದ್ರಿ, ನೆಟ್ಟಗ ಅಲ್ಲೇ ಬೀಳ್ತದ. ನಾ ಗಮನಿಸೇ ಇರಲಿಲ್ಲ. ಪಫ್, ದಕ್ಷಿಣಕ್ಕ ಸಾದಾ ಗಾಜು, ಪಶ್ಚಿಮಕ್ಕ ಚಿಕ್ ಅಂತ ಮನಸ್ಸಾಗ್ಯದ. ಹಂಗಾದ್ರ ಒಂದೂವರಿ ಟನ್ ಎಸಿ ಸಾಕಲ್ಲ?

ಚಿಕ್ಕಿನ_ಪರದೆ
ಚಿಕ್ ಇಳಿಸಿದ್ರ ಸಾಕು. ಎತ್ತಿ ಕಟ್ಟಿ ಕುಂತ್ರ ಸಾಲಂಗಿಲ್ಲ.

ಎರಡು_ಗಾಜು
ಪಶ್ಚಿಮದ ಗಾಜಿಗೆ ಮಾತ್ರ ಲೋ-ಇ ಹಾಕ್ಸಿ, 70 ಚದರಡಿ, 980ರಂತೆ 68,600 ಪ್ಲಸ್ ಟ್ಯಾಕ್ಸ್. ಚಿಕ್ ಎತ್ತಿದ್ರೂ ನಡೆಯುತ್ತೆ.

ಶಹಾಬಾದ್_ಕಲ್ಲು
ಮನ್ಯಾಗ ಈಗ ಬ್ಯಾರೆ ಪ್ರಶ್ನಿ ಎದ್ದದ. ಎಲ್ಲಾ ಮುಚ್ಚಿದ್ರ ಶಾಂಡಗಿ ಎಲ್ಲಿ ಒಣಗಸೋದು ಅಂತ.

ಬಳ್ಳಾರಿ_ಬಿಸಿಲು
ನನ್ ಹಳೇ ಬ್ರಾಂಜ್ ಶೀಟು ಆರು ತಾರಸಿ ಮೇಲೆ ಬಿದ್ದಾವೆ. ಹೊಟ್ಟೆ ಉಬ್ಬಿದ್ರೂ ಶಾಂಡಿಗೆಗೆ ಅಡ್ಡಿಯಿಲ್ಲ. ಗಾಡಿ ಬಾಡಿಗೆ ನಿಮ್ದು.